ಹೊಗೆಯಿಲ್ಲದ ಮೇಣಬತ್ತಿಗಾಗಿ ಅತ್ತೆಯವರು ಪಟ್ಟ ಪಾಡು

ನಮ್ಮ ಅತ್ತೆಯವರು ಮನೆಗೆ ಯಾವ ಸಾಮಾನು ತಂದರೂ ಅದರ ಜೊತೆ ನಗುವ ಪ್ರಸಂಗವೊಂದು ಬಂದೇ ಬರುತ್ತಿತ್ತು. ಎಂಬತ್ತರ ದಶಕದ ಕುಂದಗೋಳ; ಸಂಜೆಯಾದರೆ ಕರೆಂಟು ಹೋಗುವುದು ಗ್ಯಾರಂಟಿ. ನಾದಿನಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಹಿಂದೆ ಬಂದವರು ಗೋಡೆಗೆ ಹತ್ತಿದ ಮೇಣಬತ್ತಿಯ ಮಸಿ ನೋಡಿ, ಮನೆ ಹೀಗಿದ್ದರೆ ಹುಡುಗಿ ಹೇಗೋ ಎಂದು ಹೋಗಿಬಿಟ್ಟಿದ್ದರು. ಈ ಸಲ ಪಡಸಾಲೆಗೆ ಹೊಸ ಸುಣ್ಣ ಹೊಡೆಸಿ, ಒಂದು ಕರಿ ಚುಕ್ಕೆಯೂ ಬೀಳಬಾರದೆಂದು ಅತ್ತೆಯವರು ಹಟ ಹಿಡಿದರು.

೧. ಅಂಗಡಿಯಲ್ಲಿ ಪರೀಕ್ಷೆ

ಮೇಣಬತ್ತಿ ಕೊಳ್ಳಲು ಅವರು ಹೊರಟಿದ್ದು ಹಿತ್ತಾಳೆ ತಾಟು ಹಿಡಿದುಕೊಂಡು. ಕಾಡಿಗೆ ಮಾಡುವಾಗ ದೀಪದ ಮೇಲೆ ತಾಟು ಹಿಡಿದು ಮಸಿ ಕೂಡಿಸುತ್ತೇವಲ್ಲ, ಇವರದು ಅದರ ಉಲ್ಟಾ ಲೆಕ್ಕ. ಮಸಿ ಕೂಡದ ಮೇಣಬತ್ತಿಯೇ ಒಳ್ಳೆಯದು. ಅಂಗಡಿ ಕಾಕಾನಿಂದ ಒಂದೊಂದು ಜಾತಿಯದನ್ನೂ ಹಚ್ಚಿಸಿದರು. ಬಣ್ಣದ್ದು ತಾಟನ್ನು ಕಪ್ಪು ಮಾಡಿತು. ದಪ್ಪನೆಯದೂ ಅಷ್ಟೇ. ಸಣ್ಣ ಬತ್ತಿಯ ಸಾದಾ ಬಿಳಿಯದೊಂದು ಮಾತ್ರ ಸ್ವಚ್ಛ ಉರಿಯಿತು. ಹಚ್ಚಿದ್ದನ್ನು ಇನ್ನು ಯಾರು ಕೊಳ್ಳುತ್ತಾರೆ ಎಂದು ಕಾಕಾ ಮುಖ ಸಪ್ಪಗೆ ಮಾಡಿದರು. ಅತ್ತೆಯವರು ತಾಟಿನ ಮಸಿಯನ್ನು ಬೆರಳಿಗೆ ತೆಗೆದು ಅಂಗಡಿಯ ಚೌಕಟ್ಟಿಗೆ ಬೊಟ್ಟಿಟ್ಟು, ನಿಮ್ಮ ವ್ಯಾಪಾರಕ್ಕೆ ದೃಷ್ಟಿಯಾಗಬಾರದು ಎಂದು ಹೇಳಿ, ಬಿಳಿಯದರ ಕಟ್ಟೊಂದನ್ನು ಕೊಂಡು ಹೊರಟೇಬಿಟ್ಟರು.

೨. ಮಾವನವರ ಮಾತು

ಎಂಥ ಮೇಣಬತ್ತಿಯಾದರೂ ಗಾಳಿಗೆ ಅಲುಗಿದರೆ, ಬತ್ತಿ ಉದ್ದವಾದರೆ ಹೊಗೆ ಬಿಡುತ್ತದೆ. ಅತ್ತೆಯವರು ಇದನ್ನು ನೋಡಿ ನೋಡಿ ತಾವೇ ಕಂಡುಕೊಂಡರು. ಅಡಿಕೆ ಕತ್ತರಿಸುವ ಅಡಕೊತ್ತಿನಿಂದ ಬತ್ತಿಯ ತುದಿ ಕತ್ತರಿಸಿ, ಕಿಟಕಿ ಮುಚ್ಚಿಯೇ ಹಚ್ಚುವರು. ನನಗಂತೂ ಅವರ ಜಾಣತನದ ಮೇಲೆ ಬಹಳ ಅಭಿಮಾನ. ಇನ್ನು ಉಳಿದ ಗಾಳಿಯೆಂದರೆ ಮಾವನವರದು. ಅವರು ಕೈ ಬೀಸದೆ ಮಾತಾಡಿದವರೇ ಅಲ್ಲ. ಕೊನೆಗೆ ಅತ್ತೆಯವರ ಗದರಿಕೆಗೆ ಮಾವನವರು ಏನಾದರೂ ಹೇಳುವುದಿದ್ದರೆ ಎದ್ದು ಅಂಗಳಕ್ಕೆ ಹೋಗಿ, ಅಲ್ಲಿಂದ ಹೇಳಿ, ಮತ್ತೆ ಬಂದು ಕೂಡುವ ರೂಢಿಯಾಯಿತು.

೩. ಗಂಡಿನವರು ಬಂದ ಸಂಜೆ

ನಾದಿನಿ ಅವಲಕ್ಕಿ ಕೊಟ್ಟು ಒಳಗೆ ಹೋಗುವಷ್ಟರಲ್ಲಿ ಕರೆಂಟು ಹೋಯಿತು. ಅತ್ತೆಯವರು ಆರಾಮಾಗಿ ಮೇಣಬತ್ತಿ ಹಚ್ಚಿ ಗೋಡೆಯ ಗೂಡಿನಲ್ಲಿಟ್ಟರು. ಉರಿ ನೆಟ್ಟಗೆ ನಿಂತಿತ್ತು. ಆದರೆ ಅದರ ಬಾಜು ಕೂತ ಹುಡುಗನ ತಂದೆ ನಮ್ಮ ಮಾವನವರಿಗಿಂತ ಒಂದು ಕೈ ಮೇಲು. ಹತ್ತಿಯ ರೇಟು, ಹುಬ್ಬಳ್ಳಿ ಬಸ್ಸು, ಮಗನ ನೌಕರಿ, ಎಲ್ಲಕ್ಕೂ ಎರಡೂ ಕೈ ಬೀಸುವರು. ಉರಿ ಕುಣಿಯಿತು, ಹೊಗೆ ಎದ್ದಿತು, ಸುಣ್ಣದ ಮೇಲೆ ಕರಿ ಗೆರೆಯೊಂದು ಏರತೊಡಗಿತು. ಗೋಡೆಯನ್ನೇ ನೋಡುತ್ತಿದ್ದ ಅತ್ತೆಯವರು ಮಾವನವರಿಗೆ ಅನ್ನುವ ರೂಢಿಯಂತೆ ಅಂದೇಬಿಟ್ಟರು.

"ಸುಮ್ಮ ಕೂಡ್ರಿ. ಇಲ್ಲಾಂದ್ರ ಅಂಗಳಕ್ಕ ಹೋಗಿ ಮಾತಾಡಿ ಬರ್ರಿ."

ಹುಡುಗನ ತಂದೆ ಎತ್ತಿದ ಕೈ ಎತ್ತಿದಂತೆಯೇ ಬಾಯಿ ಮುಚ್ಚಿದರು. ಬಾಗಿಲ ಮರೆಯಲ್ಲಿ ನಾದಿನಿ ಕಣ್ಣೊರೆಸಿಕೊಂಡಳು. ಈ ಸಂಬಂಧವೂ ಹೋಯಿತೆಂದು ನಾನು ಅವಲಕ್ಕಿಯ ತಾಟು ಎತ್ತತೊಡಗಿದೆ.

ಹುಡುಗನ ತಾಯಿ ಒಮ್ಮೆ ಗಂಡನನ್ನು, ಒಮ್ಮೆ ಮೇಣಬತ್ತಿಯನ್ನು ನೋಡಿದರು. ಆಮೇಲೆ ಅತ್ತೆಯವರ ಹತ್ತಿರ ಸರಿದು ಕೂತರು.

"ಹುಡುಗಿ ನಮಗ ಪಸಂದ್ ರೀ. ಈ ಮೇಣಬತ್ತಿ ಯಾವ ಅಂಗಡ್ಯಾಗ ಸಿಗತೈತಿ, ಅಷ್ಟ ಹೇಳ್ರಿ. ನಮ್ಮ ಮನ್ಯಾಗ ನಾ ಕರೆಂಟ್ ಇದ್ದಾಗೂ ಹಚ್ಚತೀನಿ."