ಫೋನಿನಿಂದ ನಡೆಯುವ ಪಂಪು

ಮೂರು ಊರಾಚೆಯ ನೀರಿನ ವಾಲ್ವನ್ನು ಕುರ್ಚಿ ಬಿಟ್ಟೇಳದೆ ತಿರುಗಿಸುವ ಮಹಾಪುರುಷ ನಾನು! ನೀರು ಸರಬರಾಜು ಕಚೇರಿಯ ಕಂಟ್ರೋಲ್ ರೂಮಿನಲ್ಲಿ ಬಟನ್ ಒತ್ತಿದರೆ ಸಾಕು, ನನ್ನ ಆಜ್ಞೆ ನೆಟ್‌ವರ್ಕಿನಲ್ಲಿ ಓಡಿಹೋಗಿ ವಾಲ್ವಿನ ಕಿವಿ ಹಿಂಡುತ್ತದೆ. ಅಂಥವನು ಮನೆಯ ಪಂಪು ಹಾಕಲು ಹಾಲಿನ ಸ್ವಿಚ್ಚಿನವರೆಗೆ ನಡೆದುಹೋಗಬೇಕೇ? ಛೇ! ಭಾನುವಾರ ಗೋಡೆಯ ಸ್ವಿಚ್ಚನ್ನು ಆನ್ ಮಾಡಿಯೇ ಇಟ್ಟು, ಪಂಪನ್ನು ವೈಫೈ ಮೂಲಕ ನನ್ನ ಫೋನಿನ ಅಡಿಯಾಳಾಗಿಸಿದೆ. ಒಂದೇ ಬಟನ್. ಒಮ್ಮೆ ಒತ್ತಿದರೆ ಓಡಬೇಕು, ಇನ್ನೊಮ್ಮೆ ಒತ್ತಿದರೆ ನಿಲ್ಲಬೇಕು.

ಸೋಮವಾರ ನನ್ನವಳಿಗೆ ವಿಡಿಯೋ ಕಾಲಿನಲ್ಲಿ ಇಂಟರ್‌ವ್ಯೂ. ಹಾಸ್ಟೆಲ್ ವಾರ್ಡನ್ ಹುದ್ದೆ. ವರ್ಷಗಟ್ಟಲೆ ತಾತ್ಕಾಲಿಕ ಟೀಚರ್ ಆಗಿಯೇ ಸವೆದವಳಿಗೆ ಇದು ಮೊದಲ ಕಾಯಂ ಕೆಲಸದ ಆಸೆ. ಹಾಲಿನ ಕಿಟಕಿಗೆ ಬೆನ್ನು ಮಾಡಿ ಕೂರುವ ಮುನ್ನ ನನ್ನನ್ನು ಬೆಡ್‌ರೂಮಿಗೆ ಅಟ್ಟಿದಳು.

"ರೀ, ಮುಗಿಯೋವರೆಗೂ ಈ ಕಡೆ ತಲೆ ಹಾಕ್ಬೇಡಿ. ಪಂಪ್ ಆಮೇಲೆ ಹಾಕೋಣ."

"ನಿಂಗೆ ಗೊತ್ತೂ ಆಗಲ್ಲ, ನೋಡ್ತಿರು."

ಹಾಸಿಗೆಗೆ ಒರಗಿ ಬಟನ್ ಒತ್ತಿದೆ. ಹಿತ್ತಲಲ್ಲಿ ಪಂಪು ಗುಂಯ್ ಎಂದಿತು. ಫೋನು 'ಟ್ಯಾಂಕ್ ಅರ್ಧ' ಎಂದು ವರದಿ ಒಪ್ಪಿಸಿತು. ಅತ್ತ ಇಂಟರ್‌ವ್ಯೂ ಶುರುವಾಯಿತು. ಆಗಲೂ ಅರ್ಧ. ಎಷ್ಟು ಹೊತ್ತಾದರೂ ಅರ್ಧ! ಟ್ಯಾಂಕೇ ತೂತಾಗಿದೆಯೋ ಏನು ಕಥೆಯೋ ಎಂದು ತಲೆ ಕೆರೆದುಕೊಳ್ಳುತ್ತಿರುವಾಗ ಹೊರಗೆ ಧೋ ಎಂದು ಮಳೆ. ಸುಡುಬಿಸಿಲಿನಲ್ಲಿ ಮಳೆಯೇ? ಕತ್ತು ಚಾಚಿ ನೋಡಿದೆ. ಊರಿಗೆಲ್ಲ ಬಿಸಿಲು, ನಮ್ಮ ಹಾಲಿನ ಕಿಟಕಿಗೆ ಮಾತ್ರ ಮಳೆ!

ಟ್ಯಾಂಕು ಯಾವಾಗಲೋ ತುಂಬಿ ಉಕ್ಕುತ್ತಿದೆ! ಬಟನ್ ಒತ್ತಿದೆ. ಪಂಪು ನಿಲ್ಲಲಿಲ್ಲ. ಮತ್ತೆ ಒತ್ತಿದೆ. "ಒಮ್ಮೆ ಒತ್ತಿ, ಉತ್ತರ ಬರುವ ತನಕ ಕೈ ಕಟ್ಟಿ ಕೂತಿರಿ" ಎಂದು ಆಫೀಸಿನ ಹೊಸಬರಿಗೆ ಪಾಠ ಹೇಳುವವನು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ವೈಫೈಯನ್ನೆಲ್ಲ ಅವಳ ವಿಡಿಯೋ ನುಂಗುತ್ತಿದೆ, ಟ್ಯಾಂಕಿನ ವರದಿಯೂ ನನ್ನ ಆಜ್ಞೆಗಳೂ ಅದರ ಹಿಂದೆ ಸಾಲುಗಟ್ಟಿ ನಿಂತಿವೆ ಎಂಬುದು ಆ ಗಾಬರಿಯಲ್ಲಿ ಹೊಳೆಯಬೇಕಲ್ಲ? ಬಡಿಬಡಿದು ಒತ್ತಿದೆ. ಕೊನೆಗೆ ಎಲ್ಲವೂ ಒಂದರ ಹಿಂದೊಂದು ಹೋಗಿ ಬಿದ್ದವು. ಪಂಪು ನಿಂತಿತು, ಓಡಿತು, ನಿಂತಿತು, ಓಡಿತು. ಕಿಟಕಿಯ ಜಲಪಾತ ಬಂತು, ಹೋಯಿತು, ಮತ್ತೆ ಬಂತು. ನಾನು ನಿಲ್ಲಿಸುತ್ತಿದ್ದೇನೋ ಓಡಿಸುತ್ತಿದ್ದೇನೋ ನನಗೇ ತಲೆಬುಡ ತಿಳಿಯಲಿಲ್ಲ.

ಹೋಗಿ ಸ್ವಿಚ್ ಆರಿಸೋಣವೆಂದರೆ ಅದು ಅವಳ ಬೆನ್ನ ಹಿಂದಿನ ಗೋಡೆಯಲ್ಲಿ, ಕ್ಯಾಮೆರಾಕ್ಕೆ ನೇರವಾಗಿ. ನಾನೋ ಬನಿಯನ್ನಿನಲ್ಲಿ! ಇವಳ ಕೆಲಸಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂದುಕೊಳ್ಳುತ್ತ ಬಾಗಿಲಿಗೆ ಕಿವಿ ಹಚ್ಚಿದೆ. ಯಾರೋ ಕೇಳುತ್ತಿದ್ದರು:

"ಮೇಡಂ, ಮಕ್ಕಳು ಗಲಾಟೆ ಎಬ್ಬಿಸಿದ್ರೆ ಏನ್ಮಾಡ್ತೀರಿ?"

"ಒಂದ್ನಿಮಿಷ ಸರ್. ಮನೇಲೇ ಒಂದು ಮಗು ಗಲಾಟೆ ಮಾಡ್ತಿದೆ."

ಕುರ್ಚಿ ಸರಿದ ಸದ್ದು. ಗೋಡೆಯ ಸ್ವಿಚ್ ಟಪ್ ಎಂದಿತು. ಪಂಪು ಗಪ್‌ಚುಪ್. ಕುರ್ಚಿ ಮತ್ತೆ ಸರಿಯಿತು.

"ಹೀಗೇ ಮಾಡ್ತೀನಿ ಸರ್. ಕೂತಲ್ಲಿಂದ ಕೂಗಾಡಲ್ಲ. ಎದ್ದು ಹೋಗ್ತೀನಿ."

ಅತ್ತ ಎಲ್ಲರೂ ನಕ್ಕರು. ನನ್ನ ಫೋನು ಆಗ ಗಂಭೀರವಾಗಿ 'ಟ್ಯಾಂಕ್ ತುಂಬಿದೆ' ಎಂದಿತು.

ಕೆಲಸ ಸಿಕ್ಕಿತು. ನನಗೆ ಹೇಳತೀರದ ಖುಷಿ, ಆದರೆ ವಾರವಿಡೀ ಅವಳೆದುರು ತಲೆ ಎತ್ತಲಾಗಲಿಲ್ಲ. ಹಾಗೆಂದು ನಮ್ಮ ಪಂಪಿನ ದರ್ಜೆ ಇಳಿಯಿತೆಂದು ತಿಳಿಯಬೇಡಿ. ಅದು ಈಗಲೂ ಫೋನಿನಿಂದಲೇ ನಡೆಯುತ್ತದೆ. ಹಾಸ್ಟೆಲಿನಿಂದ ಅವಳು ಫೋನ್ ಮಾಡುತ್ತಾಳೆ, ನಾನು ಎದ್ದು ಹೋಗಿ ಸ್ವಿಚ್ ಒತ್ತುತ್ತೇನೆ.