ಹತ್ತಡಿ ಎತ್ತರದ ಅಧ್ಯಕ್ಷರು

ಕಾಫಿ ಬೆಳೆಗಾರರ ಸಂಘದ ಚುನಾವಣೆಯಲ್ಲಿ ಗುರುವಯ್ಯನವರನ್ನು ಸೋಲಿಸಿ ಜಯದೇವಪ್ಪನವರು ಅಧ್ಯಕ್ಷರಾದ ದಿನವೇ ಅವರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಓಂಕಾರಮೂರ್ತಿಗೆ ತಾನು ಮ್ಯಾನೇಜರ್ ಆಗಬೇಕೆಂಬ ಆಸೆ ಹುಟ್ಟಿತು. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ, ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಅಭಿನಂದನೆಯ ಫ್ಲೆಕ್ಸ್ ಕಟ್ಟಿಸಲು ಹೊರಟ.

ಮೊಬೈಲಿನಲ್ಲಿ ಕ್ಯಾಮೆರಾ ಬಂದ ಹೊಸತು. ಸಂಘದ ಸಭೆಯಲ್ಲಿ ಕೊನೆಯ ಸಾಲಿನಿಂದ ಅವನೇ ತೆಗೆದ ಫೋಟೊ ಒಂದಿತ್ತು. ವೇದಿಕೆಯ ತುಂಬ ಜನ. ಒಬ್ಬೊಬ್ಬರ ಮುಖವೂ ಕಾಳುಮೆಣಸಿನಷ್ಟು.

“ಇದ್ರಲ್ಲಿ ನಿಮ್ಮ ಸಾಹುಕಾರ್ರು ಯಾರು ಮಾರಾಯ?” ಎಂದ ಫ್ಲೆಕ್ಸ್ ಅಂಗಡಿಯ ಅಜಿತ್.

“ಮೈಕಿನ ಪಕ್ಕ, ಬಿಳಿ ಶರ್ಟು, ಮೀಸೆ. ಹತ್ತಡಿ ಎತ್ತರ ಬರ್ಲಿ.”

“ಒಡೆದು ಹೋಗುತ್ತೆ.”

“ಪ್ಲಾಸ್ಟಿಕ್ ಎಲ್ಲಾದ್ರೂ ಒಡೆಯುತ್ತಾ?”

“ಹೆಸರು ಏನಂತ ಹಾಕ್ಲಿ?”

“ಹೆಸರು ಯಾಕೆ? ಆ ಮುಖ ಯಾರಿಗೆ ಗೊತ್ತಿಲ್ಲ? ‘ನಮ್ಮ ಹೆಮ್ಮೆಯ ಅಧ್ಯಕ್ಷರಿಗೆ, ಓಂಕಾರಮೂರ್ತಿ’ ಅಂತ ಹಾಕು, ಸಾಕು.”

ಮರುದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕಟ್ಟಿದ ಫ್ಲೆಕ್ಸನ್ನು ಬುಡಕ್ಕೆ ಹೋಗಿಯೇ ನೋಡಬೇಕಿತ್ತು. ಹೋಟೆಲಿನ ಭಾಗಮ್ಮ ಮೊದಲು ಬಂದರು.

“ಇದೇನೋ ಓಂಕಾರ, ಟೈಲ್ಸ್ ಅಂಗಡಿ ಜಾಹೀರಾತಾ?”

ಓಂಕಾರಮೂರ್ತಿ ಕತ್ತೆತ್ತಿದ. ಮುಖವೇ ಇರಲಿಲ್ಲ. ಕಂದು, ಕಪ್ಪು, ಬೂದು ಬಣ್ಣದ ಚೌಕಗಳು, ಒಂದೊಂದೂ ಊಟದ ತಟ್ಟೆಯಷ್ಟಗಲ. ಸೇರಿದ ಜನ ಚೌಕಾಬಾರ ಆಡುವವರಂತೆ ಮನೆ ಎಣಿಸತೊಡಗಿದರು.

ಅವನು ಅಜಿತನ ಅಂಗಡಿಗೆ ಓಡಿದ. “ಅವೇ ಪಿಕ್ಸೆಲ್. ಫೋಟೊ ಅಂದ್ರೇನೇ ಸಣ್ಣಸಣ್ಣ ಚೌಕ, ಒಂದೊಂದಕ್ಕೂ ಒಂದೇ ಬಣ್ಣ” ಎಂದ ಅಜಿತ್. “ನಿನ್ನ ಫೋಟೊದಲ್ಲಿ ಆ ಮುಖಕ್ಕೆ ಸಿಕ್ಕಿದ್ದೇ ಒಂದು ಹಿಡಿ. ಎಳೆದು ದೊಡ್ಡದು ಮಾಡಿದ್ರೆ ಚೌಕ ಬೆಳೆಯುತ್ತೆ, ಮೂಗು ಬೆಳೆಯಲ್ಲ. ದೂರ ನಿಂತು ನೋಡು, ಎಲ್ಲಾ ಕೂಡಿ ಮುಖ ಆಗುತ್ತೆ.”

ಹಿಂದಿರುಗುವಷ್ಟರಲ್ಲಿ ಜೀಪು ಬಂದಿತ್ತು. ಜಯದೇವಪ್ಪನವರು ಫ್ಲೆಕ್ಸಿನ ಕೆಳಗೆ ನಿಂತಿದ್ದರು.

“ಓಂಕಾರ, ಇದ್ರಲ್ಲಿ ನಾನು ಯಾವ ಚೌಕ?”

ಜನ ನಕ್ಕರು. “ಹೋಗ್ಲಿ ಬಿಡು, ಇಳಿಸು” ಎಂದು ಅವರೇ ಮುಗಿಸಿಬಿಡುತ್ತಿದ್ದರು. ಆದರೆ ಓಂಕಾರಮೂರ್ತಿ ಬಿಡಬೇಕಲ್ಲ!

“ಪಿಕ್ಸೆಲ್ ಸಾರ್! ಹತ್ರದಿಂದ ನೋಡ್ಬಾರ್ದು. ದಯವಿಟ್ಟು ಆಚೆ ಬನ್ನಿ, ಎಲ್ರೂ ಬನ್ನಿ!”

ಅವರ ಕೈ ಹಿಡಿದೇ ರಸ್ತೆ ದಾಟಿಸಿದ. ಜನವೂ ಹಿಂಬಾಲಿಸಿತು. ಮಂಜು ಸರಿದಿತ್ತು. “ಈಗ ಕಣ್ಣು ಸ್ವಲ್ಪ ಕಿರಿದು ಮಾಡಿ ಸಾರ್.”

ಕಪ್ಪು ಚೌಕಗಳು ಕೂಡಿ ಮೀಸೆಯಾದವು. ಕಂದು ಚೌಕಗಳ ನಡುವೆ ಮೂಗು ಎದ್ದಿತು, ಮೇಲೆ ಬೋಳು ನೆತ್ತಿ ಹೊಳೆಯಿತು. ಓಂಕಾರಮೂರ್ತಿ ಹಿಗ್ಗಿದ. “ಬಂದ್ರು ನೋಡಿ ಸಾರ್!”

“ಬಂದ್ರು, ಬಂದ್ರು!” ಭಾಗಮ್ಮ ಚಪ್ಪಾಳೆ ತಟ್ಟಿದರು. “ಅಯ್ಯೋ, ಥೇಟ್ ಗುರುವಯ್ಯನವ್ರೇ!”

ಫೋಟೊ ತೆಗೆದ ದಿನ ಮೈಕಿನ ಆಚೆ ಜಯದೇವಪ್ಪನವರು, ಈಚೆ ಗುರುವಯ್ಯನವರು ನಿಂತಿದ್ದರು. ಇಬ್ಬರದೂ ಬಿಳಿ ಶರ್ಟು, ಇಬ್ಬರಿಗೂ ಮೀಸೆ.

ಜಯದೇವಪ್ಪನವರು ತಮ್ಮ ನೆತ್ತಿಯ ದಟ್ಟ ಕೂದಲನ್ನೊಮ್ಮೆ ಸವರಿಕೊಂಡರು. ಅಷ್ಟರಲ್ಲಿ ಗುರುವಯ್ಯನವರೇ ಜನರನ್ನು ಸರಿಸಿಕೊಂಡು ಬಂದು ಓಂಕಾರಮೂರ್ತಿಯನ್ನು ಬಿಗಿದಪ್ಪಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಸೋತ ಮೇಲೂ ನನ್ನನ್ನ ಅಧ್ಯಕ್ಷ ಅಂದವನು ನೀನೊಬ್ನೇ ಕಣೋ!”

“ಹಾಗಾದ್ರೆ ಅವ್ರ ಎಸ್ಟೇಟಿಗೇ ಹೋಗು” ಎಂದು ಜಯದೇವಪ್ಪನವರು ಜೀಪು ಹತ್ತಿದರು.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಓಂಕಾರಮೂರ್ತಿ ಮೆಲ್ಲಗೆ ಕೇಳಿದ, “ಸಾರ್, ನಿಮ್ಮಲ್ಲಿ ಮ್ಯಾನೇಜರ್ ಕೆಲ್ಸ…”

“ಅದಕ್ಕೆ ನನ್ನ ಅಳಿಯ ಇದಾನಲ್ಲ” ಎಂದರು ಗುರುವಯ್ಯನವರು ಪ್ರೀತಿಯಿಂದ. “ರೈಟರ್ ಜಾಗ ಖಾಲಿ ಇದೆ, ಬಾ.”