ಕೂದಲೆಳೆ ತಂತಿ ಮತ್ತು ದೊರೆಗಳ ಭಾಷಣ

ಬೆಸುಗೆ ಹಾಕುವವನ ಹತ್ತಿರ ಜನ ಮುರಿದ ಸಾಮಾನನ್ನಷ್ಟೇ ತರುವುದಿಲ್ಲ, ಅದರ ಸಂಗಡ ಒಂದು ಫಜೀತಿಯನ್ನೂ ಹೊತ್ತು ತರುತ್ತಾರೆ. ಆದೋನಿಯಲ್ಲಿ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದ ಒಬ್ಬ ಸಾಹೇಬರ ಅಂಗಡಿಯಲ್ಲಿ ನಾನು ಇದ್ದಷ್ಟು ವರ್ಷ ಇದು ತಪ್ಪಲಿಲ್ಲ. ಅದರಲ್ಲಿ ಒಂದು ವಾರವನ್ನಂತೂ ಹೇಗೆ ದಾಟಿದೆನೋ, ಗುರುವಿಗೇ ಗೊತ್ತು.

ಅದು ಎರಡನೆಯ ಮಹಾಯುದ್ಧದ ಕಾಲ. ಅಂಗಡಿಯಲ್ಲಿದ್ದದ್ದು ಒಂದೇ ಲೌಡ್‌ಸ್ಪೀಕರ್ ತುತ್ತೂರಿ. ಅದರ ಹಿಂಬದಿಗೆ ತೆಂಗಿನಕಾಯಿ ಗಾತ್ರದ ಒಂದು ಕಬ್ಬಿಣದ ಗುಂಡು. ಅದಕ್ಕೆ ಯೂನಿಟ್ ಎನ್ನುತ್ತಿದ್ದೆವು, ದನಿ ಹುಟ್ಟುವುದು ಅದರೊಳಗೆ. ಯೂನಿಟ್ಟಿನ ಬೆನ್ನಿಗೆ ಎರಡು ಹಿತ್ತಾಳೆಯ ಟರ್ಮಿನಲ್, ಅಂದರೆ ತಿರುಪಿನ ಮೊಳೆಗಳು. ಹೊರಗಿನ ವೈರು ಬಂದು ಅವಕ್ಕೆ ಸೇರಬೇಕು, ಒಳಗಿನಿಂದ ಕೂದಲೆಳೆಯಷ್ಟು ಸಣ್ಣ ತಂತಿಯೂ ಬಂದು ಅವಕ್ಕೇ ಅಂಟಿರಬೇಕು. ಆ ಎಳೆ ಬಿಟ್ಟಿತೋ, ತುತ್ತೂರಿ ಬರೀ ತಗಡು. ಹೊಸದು ತರಿಸೋಣವೆಂದರೆ ಅದು ವಿಲಾಯಿತಿಯಿಂದ ಹಡಗಿನಲ್ಲಿ ಬರಬೇಕು. ಹಡಗುಗಳೆಲ್ಲ ಯುದ್ಧಕ್ಕೆ ಹೋಗಿದ್ದವು.

ಹೀಗಿರುವಾಗ, ಬರುವ ಭಾನುವಾರ ಬಳ್ಳಾರಿಯಿಂದ ಇಂಗ್ಲಿಷ್ ಕಲೆಕ್ಟರ್ ದೊರೆಗಳು ಬಂದು ಆದೋನಿಯಲ್ಲಿ ಭಾಷಣ ಮಾಡುತ್ತಾರೆಂದು ಗೊತ್ತಾಯಿತು. ತಹಶೀಲ್ದಾರರು ನಮ್ಮ ಸಾಹೇಬರನ್ನು ಕರೆಸಿ, ನಡುವೆ ದನಿ ನಿಂತರೆ ನಿನ್ನ ಲೈಸೆನ್ಸೂ ನಿಲ್ಲುತ್ತದೆ ಎಂದು ಹೇಳಿ ಕಳಿಸಿದರು. ಸಾಹೇಬರು ಬಂದು ನನ್ನ ಎದುರಿಗೆ ಕುಳಿತರು.

"ಸ್ವಾಮೇರ, ಲೈಸೆನ್ಸ್ ಹೋದ್ರ ನಾ ಮತ್ತ ಸೈಕಲ್ ಪಂಚರ್ ಹಚ್ಚಾಕ ಕುಂದ್ರತೀನಿ. ನೀವೇನು ಮಾಡ್ತೀರಿ?"

"ನನಗ ಇದ ಬಿಟ್ರ ಬ್ಯಾರೆ ಕೆಲಸ ಬರಂಗಿಲ್ರಿ. ಮನ್ಯಾಗ ಉಣ್ಣೋರು ಆರು ಮಂದಿ ಅದಾರ."

"ಹಂಗಾದ್ರ ಭಾನುವಾರದ ತನಕ ಆ ಎಳಿ ಹರೀಬಾರ್ದು ನೋಡ್ರಿ."

ಭಾನುವಾರಕ್ಕೆ ಮೊದಲು ಇನ್ನೆರಡು ಬಾಡಿಗೆ ಇದ್ದವು. ಮಾತು ಕೊಟ್ಟಾಗಿತ್ತು, ಬಿಡುವಂತಿರಲಿಲ್ಲ.

೧. ಟಗರು

ಮೊದಲನೆಯದು ಪೆದ್ದಕಡುಬೂರಿನ ಮದುವೆ. ತುತ್ತೂರಿಯನ್ನು ಬೇವಿನ ಮರದ ಕೊಂಬೆಗೆ ಬಿಗಿದು, ವೈರನ್ನು ಕೆಳಗೆ ಬ್ಯಾಟರಿಯ ತನಕ ಇಳಿಬಿಟ್ಟಿದ್ದೆ. ಗ್ರಾಮಫೋನ್ ಪೆಟ್ಟಿಗೆಯ ಹಾಡು ಚೆನ್ನಾಗಿ ಬರುತ್ತಿತ್ತು. ಇದ್ದಕ್ಕಿದ್ದ ಹಾಗೆ ನಿಂತಿತು. ನೋಡುತ್ತೇನೆ, ಗಂಡಿನ ಸೋದರಮಾವ ಉಡುಗೊರೆಗೆಂದು ತಂದ ಟಗರನ್ನು ನನ್ನ ವೈರಿಗೆ ಕಟ್ಟಿಹಾಕಿದ್ದಾನೆ! ಅದು ಎದುರು ಮನೆಯ ಹಸಿರು ತೋರಣ ಕಂಡು ಜಗ್ಗಿದೆ. ಮೇಲೆ ಟರ್ಮಿನಲ್ಲು ಬುಡಸಮೇತ ಕಿತ್ತು ಜೋತಾಡುತ್ತಿತ್ತು.

ಮರ ಹತ್ತಿ ನೋಡಿದರೆ ಒಳಗಿನ ಎಳೆ ಜೋಳದ ಕಾಳಿನಷ್ಟು ಮಾತ್ರ ಹೊರಗಿತ್ತು. ಅದೂ ದೈವಕೃಪೆ. ಕೆಳಗೆ ಗಂಡಿನ ತಂದೆ ಹಟ ಹಿಡಿದರು. "ಪೆಟ್ಟಿಗಿ ಹಾಡೂತನಕ ತಾಳಿ ಕಟ್ಟಂಗಿಲ್ಲ. ನಾಕು ಊರಿಗೆ ಹೇಳಿ ಬಂದೀನಿ."

ಪುರೋಹಿತರು, "ಮುಹೂರ್ತ ನಿಮ್ಮ ಪೆಟ್ಟಿಗಿ ದಾರಿ ಕಾಯಂಗಿಲ್ರಿ!" ಎಂದು ಕೂಗಿದರು.

ಕೆಂಡದಲ್ಲಿ ಕಾಸಿದ ಬೆಸುಗೆಕಡ್ಡಿಯನ್ನು ಯಾರೋ ಮೇಲಕ್ಕೆ ಕೊಟ್ಟರು. ಹೆಚ್ಚು ಹೊತ್ತು ಇಟ್ಟರೆ ಒಳಗಿನ ಅಂಟು ಕರಗುತ್ತದೆ, ಬೇಗ ತೆಗೆದರೆ ಬೆಸುಗೆ ಹಿಡಿಯುವುದಿಲ್ಲ. ಕೆಳಗೆ ಇಡೀ ದಿಬ್ಬಣ ಕತ್ತೆತ್ತಿ ನೋಡುತ್ತಿತ್ತು. ಪಂಚಾಕ್ಷರಿ ಹೇಳುತ್ತ ಮುಟ್ಟಿಸಿದೆ. ಹಿಡಿಯಿತು. ಹಾಡು ಬಂತು, ಗಟ್ಟಿಮೇಳವಾಯಿತು, ಹೆಣ್ಣಿನ ಕೊರಳಿಗೆ ತಾಳಿ ಬಿತ್ತು.

ನಾನು ಬೆವರು ಒರೆಸಿಕೊಳ್ಳುತ್ತ ಇಳಿದರೆ, ಸೋದರಮಾವ ಟಗರು ಹಿಡಿದುಕೊಂಡು ಮರದ ಬುಡದಲ್ಲೇ ನಿಂತಿದ್ದ.

"ಈಗ ಗಟ್ಟಿ ಆಗೇತಲ್ರಿ ಸ್ವಾಮೇರ? ಮತ್ತ ಕಟ್ಲೇನು?"

೨. ಧೂಪ

ಗುರುವಾರ ನಂದವರದ ಗುಡಿಯಲ್ಲಿ ಪುರಾಣ. ಬಂಡಿಯ ಕುಲುಕಾಟಕ್ಕೆ ಬೆಸುಗೆ ಸಡಿಲಾಗಿತ್ತು. ಮಂಟಪದಲ್ಲೇ ಸರಿಮಾಡೋಣವೆಂದರೆ ಆಚಾರ್ಯರು ಅಡ್ಡ ನಿಂತರು. "ಮಡಿ ಇಲ್ಲದೆ ಮಂಟಪ ಹತ್ತುವ ಹಾಗಿಲ್ಲ. ಕೆಂಡವೂ ಮಡಿ ಒಲೆಯದೇ ಆಗಬೇಕು."

ಶಾಸ್ತ್ರಕ್ಕೆ ನಾನು ಎದುರಾಡುವವನಲ್ಲ. ಬಾವಿಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲೇ ಬಂದು ಕುಳಿತೆ. ತಲೆಯಿಂದ ಒಂದೊಂದು ಹನಿ ಕಾದ ಕಡ್ಡಿಯ ಮೇಲೆ ಬಿದ್ದು ಚುಯ್ ಎನ್ನುತ್ತಿತ್ತು. ಬಿದ್ದಷ್ಟು ಸಲವೂ ಕಾವು ಇಳಿಯುತ್ತಿತ್ತು. ಕೊನೆಗೆ ಬೆಸುಗೆ ಹಿಡಿಯಲೆಂದು ರಾಳ ಮುಟ್ಟಿಸಿದೆ. ರಾಳವೆಂದರೆ ಧೂಪಕ್ಕೆ ಹಾಕುವ ಮರದ ಅಂಟೇ ತಾನೆ? ಘಮ್ಮೆಂದು ಹೊಗೆ ಎದ್ದಿತು.

ಒಬ್ಬ ಮುದುಕಿ ಮುಂದೆ ಬಂದು ಎರಡೂ ಕೈಯಿಂದ ಹೊಗೆಯನ್ನು ಕಣ್ಣಿಗೆ ಒತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ನೋಡುನೋಡುತ್ತ ಸಾಲು ಹತ್ತಿತು. ಎಳೆ ಇನ್ನೂ ಹಿಡಿದಿಲ್ಲ, ಮೈಮೇಲೆ ಜನ!

"ಅತ್ತಾಗ ಸರೀರಿ ಯವ್ವಾ, ಕೈ ಅಲುಗ್ತೈತಿ!"

"ನೋಡವ್ವಾ, ದೇವ್ರ ಧೂಪಕ್ಕೂ ಬ್ಯಾಡ ಅಂತಾನ ಈತ!" ಎಂದು ಮುದುಕಿ ಎಲ್ಲರಿಗೂ ಕೇಳುವಂತೆ ಅಂದಳು.

ಉಸಿರು ಬಿಗಿಹಿಡಿದು ಮುಗಿಸಿದೆ. ಆಚಾರ್ಯರ ದನಿ ಗಂಟೆ ಬಾರಿಸಿದ ಹಾಗೆ ಬಂತು. ಆದರೆ ಕಣ್ಣೆತ್ತಿ ನೋಡಿದರೆ ಅಂಗಳ ಖಾಲಿ. ಧೂಪವಾಯಿತೆಂದರೆ ಪೂಜೆ ಮುಗಿಯಿತೆಂದುಕೊಂಡು, ಪುರಾಣಕ್ಕೆ ಮೊದಲೇ ಎಲ್ಲರೂ ಮನೆಗೆ ಹೋಗಿದ್ದರು.

೩. ಒಳಗಿನ ಭಕ್ತಿ

ಇನ್ನು ಯೂನಿಟ್ಟನ್ನು ಕಣ್ಣಿಂದ ಮರೆಯಾಗಲು ಬಿಡಬಾರದೆಂದು ಮನೆಗೇ ತಂದು ದೇವರ ಗೂಡಿನ ಪಕ್ಕದಲ್ಲಿಟ್ಟೆ. ಶನಿವಾರ ಅಂಗಡಿಗೆ ಒಯ್ದು ಹಚ್ಚಿದರೆ ದನಿಯೇ ಇಲ್ಲ! ಸಾಹೇಬರು ತಲೆಯ ಮೇಲೆ ಕೈಹೊತ್ತು ಕುಳಿತರು. ಎಳೆ ನೋಡಿದೆ, ಸರಿಯಾಗಿದೆ. ಬೆಸುಗೆ ನೋಡಿದೆ, ಸರಿಯಾಗಿದೆ. ಮೊಳೆಯ ತಿರುಪು ಬಿಚ್ಚಿದರೆ ಅಡಿಯಲ್ಲಿ ಹಳದಿಯ ಗಟ್ಟಿ ಹಕ್ಕಳೆ. ವೈರಿಗೂ ಮೊಳೆಗೂ ನಡುವೆ ಅರಿಶಿನ ಒಣಗಿ ಗೋಡೆಯಾಗಿ ನಿಂತಿತ್ತು.

ಕೆರೆದು ತೆಗೆದು ದನಿ ಬರಿಸಿ, ಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ. "ಏನ್ ಮಾಡೀಯೇ ಇದಕ್ಕ?"

"ನಿನ್ನೆ ಶುಕ್ರವಾರ ಅಲ್ರಿ? ಆರು ಮಂದಿಗೆ ಅನ್ನ ಹಾಕೋ ವಸ್ತು. ತಿರುಪು ಬಿಚ್ಚಿ, ಹುಣಸಿಹಣ್ಣಿಲೆ ತಿಕ್ಕಿ, ಅರಿಶಿನ ಹಚ್ಚಿ ಮತ್ತ ತಿರುವೀನಿ. ತಪ್ಪೇನ್ರಿ?"

"ತಪ್ಪಲ್ಲ. ಆದ್ರ ಒಳಗ ಯಾಕ ಹಚ್ಚಿದಿ? ಮ್ಯಾಲೆ ಹಚ್ಚಿದ್ರ ಸಾಕಾಗಿತ್ತು."

"ಮ್ಯಾಲಿಂದು ಮಂದಿಗೆ ತೋರಿಸೋ ಭಕ್ತಿ, ಒಳಗ ಇರಬೇಕು ಅಂತ ದಿನಾ ನೀವ ಹೇಳ್ತೀರಲ್ರಿ?"

ಕೈಕಾಲು ತೊಳೆದು ಊಟಕ್ಕೆ ಕುಳಿತೆ.

೪. ಕೈ ಮುಗಿದವನು

ಭಾನುವಾರ ಬೆಳಗ್ಗೆ ಮೈದಾನದ ತುಂಬ ಜನ. ವೇದಿಕೆಯ ಪಕ್ಕದಲ್ಲಿ ಆಳೆತ್ತರದ ಕಂಬ ನೆಟ್ಟು ತುತ್ತೂರಿ ಕಟ್ಟಿದ್ದೆ, ಎರಡು ಸಲ ಪರೀಕ್ಷೆಯನ್ನೂ ಮಾಡಿದ್ದೆ. ದೊರೆಗಳ ಮೋಟಾರು ಬರುವ ಹೊತ್ತಿಗೆ ಕಚೇರಿಯ ಜವಾನನಿಗೆ ತುತ್ತೂರಿಯ ಬಾಯಿ ಸ್ವಲ್ಪ ಸೊಟ್ಟಗೆ ಕಂಡಿತಂತೆ. ಗುಂಡು ಹಿಡಿದು ಕುಂಬಳಕಾಯಿ ತಿರುಗಿಸಿದ ಹಾಗೆ ತಿರುಗಿಸಿದ. ಒಂದು ಟರ್ಮಿನಲ್ಲು ಅವನ ಕೈಯಲ್ಲೇ ಬಂತು.

ಕೆಂಡವಿಲ್ಲ, ಕಾಸಲು ಸಮಯವಿಲ್ಲ. ದೊರೆಗಳು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಸಾಹೇಬರ ಮುಖ ಸುಣ್ಣದಂತಾಯಿತು. ತಹಶೀಲ್ದಾರರು ಹಲ್ಲು ಕಚ್ಚಿ, "ಏಮಯ್ಯಾ, ದನಿ ಎಲ್ಲಿ?" ಎಂದರು. ನಾನು ಕಂಬದ ಹಿಂದಿನ ಸ್ಟೂಲು ಹತ್ತಿ, ವೈರಿನ ತುದಿಯನ್ನೂ ಒಳಗಿನ ಎಳೆಯನ್ನೂ ಸೇರಿಸಿ ಎರಡು ಅಂಗೈಯ ನಡುವೆ ಒತ್ತಿ ಹಿಡಿದೆ. ದನಿ ಬಂತು!

ಬಂದದ್ದು ದನಿಯೊಂದೇ ಅಲ್ಲ. ದೊರೆಗಳು ಗಟ್ಟಿಯಾಗಿ ಒಂದು ಮಾತಾಡಿದರೆ ಸಾಕು, ಕರೆಂಟು ಅಂಗೈಯಿಂದ ಮೊಣಕೈ ತನಕ ಚುರುಕ್ಕೆಂದು ಹರಿಯುತ್ತಿತ್ತು. ಬಿಟ್ಟರೆ ಲೈಸೆನ್ಸು ಹೋಯಿತು, ಹಿಡಿದರೆ ಮೈಯೆಲ್ಲ ನಡುಕ. ಅವರು ಮೇಜು ಗುದ್ದಿ ಕೂಗಿದಾಗೆಲ್ಲ ನನ್ನ ಭುಜ ಅದುರಿ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅರ್ಧ ಗಂಟೆ ಹಾಗೇ ನಿಂತಿದ್ದೆ.

ಭಾಷಣ ಮುಗಿಯುವಾಗ ದೊರೆಗಳು ನನ್ನ ಕಡೆ ಬೆರಳು ತೋರಿಸಿದರು. ತಹಶೀಲ್ದಾರರು ಕನ್ನಡದಲ್ಲಿ ಹೇಳಿದರು: "ಇಡೀ ಸಭೆಯಲ್ಲಿ ಈತನೊಬ್ಬ ಮೊದಲಿಂದ ಕೊನೆ ತನಕ ಕೈಮುಗಿದು, ಕಣ್ಣೀರು ಹಾಕುತ್ತ ಕೇಳಿದ್ದಾನೆ. ಮುಂದೆ ಬಂದು ಎರಡು ಮಾತಾಡಬೇಕೆಂದು ದೊರೆಗಳ ಅಪ್ಪಣೆ."

ಹೋಗದಿರಲು ಸಾಧ್ಯವೇ? ಕೈ ಬಿಟ್ಟು ಕೆಳಗಿಳಿದೆ. ತುತ್ತೂರಿ ಸತ್ತಿತು. ಮೈಕಿನ ಮುಂದೆ ನಿಂತಾಗ, ಹಣೆಗೆ ವಿಭೂತಿ ಹಚ್ಚಿಕೊಂಡು ಸುಳ್ಳು ಹೇಳಬಾರದೆನ್ನಿಸಿತು.

"ದೊರೆಗಳೇ, ನಾ ಅತ್ತಿಲ್ರಿ. ತಂತಿ ಹರದೈತ್ರಿ, ಕರೆಂಟು ಹೊಡೀತಿತ್ರಿ. ಸಾಹೇಬರದೇನು ತಪ್ಪಿಲ್ಲ, ಲೈಸೆನ್ಸ್ ತಗೀಬ್ಯಾಡ್ರಿ" ಎಂದು ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

ತಂತಿ ಹರಿದಿದ್ದರಿಂದ, ತಂತಿ ಹರಿದಿದೆ ಎಂಬುದು ಸಭೆಯಲ್ಲಿ ಒಬ್ಬರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ಹತ್ತಿರವೇ ಇದ್ದ ತಹಶೀಲ್ದಾರರಿಗೂ ನಮ್ಮ ಸಾಹೇಬರಿಗೂ ಮಾತ್ರ. ಕನ್ನಡ ಬಾರದ ದೊರೆಗಳು ಏನೆಂದು ಕೇಳಿದರು. ತಹಶೀಲ್ದಾರರು ಕಣ್ಣು ಮಿಟುಕಿಸದೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ದೊರೆಗಳು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ನಾಲ್ಕು ಹೆಜ್ಜೆ ಆಚೆ ನಮ್ಮ ಸಾಹೇಬರೂ ಒರೆಸಿಕೊಳ್ಳುತ್ತಿದ್ದರು. "ನಿಮ್ಮ ಮಾತು ಕೇಳಿ ಇವನಿಗೆ ಗಂಟಲೇ ಕಟ್ಟಿಹೋಗಿದೆ" ಎಂದು ತಹಶೀಲ್ದಾರರು ದೊರೆಗಳಿಗೆ ಹೇಳಿದ್ದರೆಂದು ಕಚೇರಿಯ ಗುಮಾಸ್ತರು ಆಮೇಲೆ ತಿಳಿಸಿದರು.

ಲೈಸೆನ್ಸು ಉಳಿಯಿತು. ತಿಂಗಳೊಪ್ಪತ್ತಿನಲ್ಲಿ ಮುಂದಿನ ಸಭೆಗೆ ಕಚೇರಿಯಿಂದ ಸಾಹೇಬರಿಗೆ ಹುಕುಂ ಬಂತು. ಅವರು ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಬರೆದಿತ್ತು: ಲೌಡ್‌ಸ್ಪೀಕರ್ ಸಿಗದಿದ್ದರೂ ಚಿಂತೆಯಿಲ್ಲ, ಆ ಅಳುವ ಮನುಷ್ಯನನ್ನು ಮಾತ್ರ ತಪ್ಪದೆ ಕಳಿಸತಕ್ಕದ್ದು.